ಬೀಗ ಬಿದ್ದ ಮೇಲೆ

‘ಗುರುತು ಹಾಕಿದೆ, ಪರೀಕ್ಷೆ ಮಾಡಲಿಲ್ಲ’ ಎಂದು ದಿನಚರಿಯಲ್ಲಿ ಬರೆದು, ಯಾರಾದರೂ ಓದಿಬಿಟ್ಟಾರೆಂಬಂತೆ ಅವಳು ಹಾಳೆಯ ಮೇಲೆ ಅಂಗೈ ಇಟ್ಟುಕೊಂಡು ಕೂತಳು. ಕೋಣೆಯಲ್ಲಿದ್ದವಳು ಅಕ್ಕ ಒಬ್ಬಳೇ. ಅವಳೂ ಹೊಲಿಗೆ ಯಂತ್ರದ ಸೂಜಿಗೆ ದಾರ ಪೋಣಿಸುವುದರಲ್ಲಿ ಮುಳುಗಿದ್ದಳು.

ಅವಳೂ ಸೇರಿ ಐದು ಊರುಗಳ ಐದು ಮಂದಿ ಸಣ್ಣ ಗ್ರಂಥಾಲಯಗಳಿಗೆಂದು ಒಂದು ತಂತ್ರಾಂಶ ಬರೆಯುತ್ತಿದ್ದರು. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಒಳಗೆ ಇಣುಕಿ ತಿದ್ದಲೂಬಹುದು. ಹೊಸ ಆವೃತ್ತಿಯ ಬಿಡುಗಡೆಗೆ ಹತ್ತು ದಿನ ಮೊದಲು ಅದರ ಕೋಡ್‌ಗೆ ಬೀಗ ಬೀಳುತ್ತಿತ್ತು. ಆಮೇಲೆ ಹೊಸದೇನನ್ನೂ ಸೇರಿಸುವಂತಿಲ್ಲ. ಕಂಡ ದೋಷವನ್ನು ತಿದ್ದಬಹುದು, ಅದೂ ಇನ್ನೊಬ್ಬರು ಓದಿ ಒಪ್ಪಿದರೆ. ಬೀಗದ ಕೈ ಇದ್ದದ್ದು ಮೇಷ್ಟ್ರ ಹತ್ತಿರ. ಶಾಲೆಯಲ್ಲಿ ಗಣಿತ ಕಲಿಸುವ ಅವರು, ಪದವಿ ಮುಗಿಸಿ ಕೆಲಸವಿಲ್ಲದೆ ಕೂತಿದ್ದ ಇವಳ ಮೊದಲ ಕೋಡ್ ಅನ್ನು ಸಾಲು ಸಾಲಾಗಿ ಓದಿ, ‘ಇಲ್ಲಿ ಹೀಗೆ ಮಾಡಿ ನೋಡಮ್ಮ’ ಎಂದು ಬರೆದಿದ್ದರು. ಎರಡು ವರ್ಷದಲ್ಲಿ ಒಮ್ಮೆಯೂ ರೇಗಿದವರಲ್ಲ. ಆ ಉಪಕಾರ ದಿನಚರಿಯ ಎಷ್ಟೋ ಪುಟಗಳಲ್ಲಿತ್ತು, ಅವರ ಕಿವಿಗೆ ಮಾತ್ರ ಬಿದ್ದಿರಲಿಲ್ಲ. ಆನ್‌ಲೈನ್ ಸಭೆಗಳಲ್ಲಿ ಇವಳು ಮಾತಾಡದೆ ಬರೀ ಟೈಪು ಮಾಡುತ್ತಿದ್ದಳು. ಗುಂಪಿನಲ್ಲಿದ್ದ ಗ್ರಂಥಪಾಲಕಿ ಇವಳಿಗೆ ‘ಮೌನಗೌರಿ’ ಎಂದು ಹೆಸರಿಟ್ಟಿದ್ದರು.

ಈ ಸಲ ಬೀಗ ಬೀಳಲು ಒಂದು ಗಂಟೆಯಿರುವಾಗ ಇವಳು ಎರವಲು ಪಟ್ಟಿಯಲ್ಲಿ ಒಂದು ಬದಲಾವಣೆ ಮಾಡಿ ಕಳಿಸಿದ್ದಳು. ‘ಹಳೆಯ ದಾಖಲೆಯಲ್ಲೂ ಪರೀಕ್ಷಿಸಿದೆ’ ಎಂಬ ಚೌಕಕ್ಕೆ, ಏನಾದೀತು ಎಂಬ ಭಂಡಧೈರ್ಯದಲ್ಲಿ, ಗುರುತು ಒತ್ತಿದ್ದಳು. ನಾಲ್ಕನೇ ದಿನ ಗ್ರಂಥಪಾಲಕಿ ತಮ್ಮ ಗ್ರಂಥಾಲಯದ ಹನ್ನೊಂದು ವರ್ಷ ಹಳೆಯ ದಾಖಲೆಯನ್ನು ಹೊಸ ಆವೃತ್ತಿಯಲ್ಲಿ ತೆರೆದರು. ಓದುಗರ ಮನೆಗಳಲ್ಲಿ ನಾನೂರು ಪುಸ್ತಕಗಳಿದ್ದರೂ ಪರದೆ ಒಂದೂ ಹೊರಗೆ ಹೋಗಿಲ್ಲ ಎನ್ನುತ್ತಿತ್ತು. ಇಟ್ಟುಕೊಂಡವರದೇ ಪುಣ್ಯ ಎಂದು ಅವರು ನಕ್ಕರು. ಇವಳು ಊಟ ಬಿಟ್ಟು ಕೂತು ಆ ದಿನವೇ ತಿದ್ದಿದಳು.

ಶನಿವಾರ ಮಧ್ಯಾಹ್ನದ ಸಭೆಯಲ್ಲಿ ಮೇಷ್ಟ್ರು ವಂದನೆಗಳ ಪಟ್ಟಿ ಓದಿದರು. ಮೊದಲ ಹೆಸರು ಇವಳದೇ.

“ಒಂದೇ ದಿನದಲ್ಲಿ ಸರಿ ಮಾಡಿದಳಲ್ಲ, ನಮ್ಮ ಮೌನಗೌರಿ ಸಾಮಾನ್ಯದವಳಲ್ಲ ಕಣ್ರೀ,” ಎಂದರು ಗ್ರಂಥಪಾಲಕಿ.

“ಆದ್ರೆ ಒಂದು ಮಾತು,” ಎಂದರು ಮೇಷ್ಟ್ರು. “ಈ ಮಗು ಪರೀಕ್ಷೆ ಮಾಡಿದ್ಮೇಲೂ ದೋಷ ನುಸುಳಿದೆ ಅಂದ್ರೆ, ನಾನು ಬರೆದಿರೋ ಪರೀಕ್ಷೆಯ ಕ್ರಮದಲ್ಲೇ ಎಲ್ಲೋ ತೂತಿದೆ. ಬಿಡುಗಡೆ ಒಂದು ತಿಂಗಳು ಮುಂದೆ ಹಾಕೋಣ. ರಜೆ ಇದೆ, ಕೂತು ಮೊದಲಿಂದ ಬರೀತೀನಿ.”

ಯಾರೂ ಬೇಡವೆನ್ನಲಿಲ್ಲ. ಇವಳು ಟೈಪು ಮಾಡಿದಳು, ಅಳಿಸಿದಳು, ಮತ್ತೆ ಮಾಡಿದಳು. ಬರೆದು ಕಳಿಸಿದರೆ ಮುಖ ಮುಚ್ಚಿಕೊಂಡು ಹೇಳಿದಂತೆಯೇ. ಕೈ ಹಿಡಿದು ನಡೆಸಿದವರನ್ನು ಇಲ್ಲದ ತೂತು ಹುಡುಕಲು ಕಳಿಸುವುದೇ?

“ಯಾಕೇ, ಮುಖ ಹುಳ್ಳಗಾಗಿದೆ?” ಎಂದು ಅಕ್ಕ ಯಂತ್ರದ ಗಾಲಿಗೆ ಕೈ ಅಡ್ಡ ಕೊಟ್ಟು ನಿಲ್ಲಿಸಿದಳು. ಕೋಣೆ ಸದ್ದಡಗಿತು. ಕಿಟಕಿಯ ಬಿಸಿಲು ಕೀಲಿಮಣೆಯ ಅರ್ಧಕ್ಕೆ ಬಂದಿತ್ತು. ಇವಳು ಎರಡು ವರ್ಷದಿಂದ ಮುಚ್ಚಿದ್ದ ಮೈಕು ತೆರೆದಳು.

“ಮೇಷ್ಟ್ರೇ, ನಿಮ್ಮ ಕ್ರಮ ಸರಿಯಾಗೇ ಇದೆ. ನಾನು ಹಳೇ ದಾಖಲೆ ತೆರೆದೇ ಇರಲಿಲ್ಲ. ನೋಡದೆ ಗುರುತು ಹಾಕಿದೆ.”