ಎರಡಿಂಚು ಮೇಸ್ತ್ರಿಯ ನೆಲ

ಎರಡಿಂಚು ಮೇಸ್ತ್ರಿ ಗಾಡಿಯವರಿಗೆ ನಮಸ್ಕಾರ ಹೇಳುವ ಮೊದಲು ಗಾಡಿಯನ್ನು ಮಾತಾಡಿಸುತ್ತಾರೆ. ಆ ಬೆಳಿಗ್ಗೆಯೂ ಹಾಗೇ ಆಯಿತು. ಎಂಟು ಗಂಟೆಗೆ ಸರ್ವೆ ಇಂಜಿನಿಯರಮ್ಮ ತಮ್ಮ ಜೀಪನ್ನು ಗ್ಯಾರೇಜಿನೊಳಗೆ ತಂದು ನಿಲ್ಲಿಸಿ ಇಳಿಯುತ್ತಿದ್ದಂತೆ, ಅವರನ್ನು ದಾಟಿಕೊಂಡು ಹೋಗಿ ಮುಂದಿನ ಬಂಪರಿನ ಮೇಲೆ ಎರಡೂ ಅಂಗೈ ಊರಿ, ಮೈಭಾರವೆಲ್ಲ ಬಿಟ್ಟು ಒತ್ತಿ, ತಟ್ಟನೆ ಕೈ ತೆಗೆದು, ಕಣ್ಣು ಮುಚ್ಚಿ ತುಟಿಯಲ್ಲೇ ಎಣಿಸಿದರು. ಒಂದು, ಎರಡು, ಮೂರು.

"ಮೂರು ಸಲ ಕುಣೀತು. ಶಾಕ್ ಅಬ್ಸಾರ್ಬರ್ ಸತ್ತು ಆರು ತಿಂಗಳಾಗಿದೆ ಮೇಡಂ. ನೀವು ಹೆಣ ಹೊತ್ಕೊಂಡು ಗುಡ್ಡ ಹತ್ತುತಾ ಇದೀರ."

ಇಂಜಿನಿಯರಮ್ಮ ನಕ್ಕರು. ಗುಡ್ಡದ ಮೇಲೆ ಹೊಸ ರಸ್ತೆಗೆ ಅಳತೆ ಮಾಡುವ ಕೆಲಸ ಅವರದು. ದಾರಿ ಇಲ್ಲದ ಕಡೆಯೇ ಅವರ ದಾರಿ. "ಶಾಕ್ ಬದಲಾಯಿಸಿ. ಹಾಗೇ ನಾಲ್ಕಿಂಚು ಎತ್ತರಿಸಿಕೊಡಿ. ಕಲ್ಲು ತಳಕ್ಕೆ ಬಡೀತಿದೆ."

"ಎರಡು."

"ನಮ್ಮ ಆಫೀಸಲ್ಲಿ ಒಬ್ಬರು ಐದು ಹಾಕಿಸಿದಾರೆ."

"ನೋಡಿದೀನಿ. ಫೋಟೋದಲ್ಲಿ ಚೆನ್ನಾಗಿ ಬರುತ್ತೆ. ಓರೆ ದಾರೀಲಿ ಉರುಳಿದ ಮೇಲೆ ಅದೇ ಫೋಟೋನ ಗೋಡೆಗೆ ಹಾಕಬಹುದು."

ಹೆಸರು ಬಂದದ್ದು ಹೀಗೆ. ಇಪ್ಪತ್ತು ವರ್ಷಗಳಲ್ಲಿ ಅವರು ಯಾವ ಗಾಡಿಯನ್ನೂ ಎರಡು ಇಂಚಿಗಿಂತ ಮೇಲೆತ್ತಿದವರಲ್ಲ. ಎತ್ತರಿಸಿದಷ್ಟೂ ಭಾರ ಮೇಲೇರುತ್ತದೆ, ಬ್ರೇಕಿನ ಕೊಳವೆ ಬಿಗಿದುಕೊಳ್ಳುತ್ತದೆ, ಚಕ್ರಕ್ಕೆ ಶಕ್ತಿ ಒಯ್ಯುವ ದಂಡ ಓರೆಯಾಗಿ ತಿರುಗಿ ತನ್ನ ಕೀಲನ್ನು ತಾನೇ ತಿನ್ನುತ್ತದೆ ಎಂದು ಬಂದವರಿಗೆಲ್ಲ ಬೇಸರವಿಲ್ಲದೆ ಹೇಳುತ್ತಾರೆ. ಯಾವ ಶಾಕ್ ಒಳ್ಳೆಯದು ಎಂದು ಕೇಳಿದರೆ, "ಯಾವ ಚಪ್ಪಲಿ ಒಳ್ಳೇದು ಅಂತ ಕೇಳಿದ ಹಾಗಾಯ್ತು. ಯಾರ ಕಾಲಿಗೆ?" ಎನ್ನುತ್ತಾರೆ. ಎಣ್ಣೆಯದು ಬೇಕೋ ಗ್ಯಾಸಿನದು ಬೇಕೋ, ಮೆತ್ತಗಿರಬೇಕೋ ಬಿಗಿ ಇರಬೇಕೋ, ಅದು ತೀರ್ಮಾನವಾಗುವುದು ಗಾಡಿಯಲ್ಲಿರುವುದನ್ನೆಲ್ಲ ಕೆಳಗಿಳಿಸಿ ಒಂದೊಂದಾಗಿ ತೂಗಿದ ಮೇಲೆ. "ಸ್ಪ್ರಿಂಗು ಭಾರ ಹೊರೋ ಎತ್ತು. ಶಾಕು ಅದರ ಮೂಗುದಾರ. ಎತ್ತು ನೋಡದೆ ಮೂಗುದಾರ ತರ್ತಾರಾ?"

ಮೊಣಕಾಲು ಮುಟ್ಟುವ ನೀಲಿ ಕೋಟೊಂದು ಅವರಿಗಿದೆ. ಅದರ ಬಲಜೇಬಿನಲ್ಲಿ ಸೀಮೆಸುಣ್ಣ, ಎಡಜೇಬಿನಲ್ಲಿ ಉಕ್ಕಿನ ಬಿಲ್ಲೆಗಳು. ಆ ಭಾರಕ್ಕೆ ಅವರು ಕೊಂಚ ಎಡಕ್ಕೆ ವಾಲಿಕೊಂಡೇ ನಡೆಯುತ್ತಾರೆ. ಕೋಟು ಬಿಚ್ಚಿದ ಭಾನುವಾರವೂ ಆ ವಾಲು ಹೋಗುವುದಿಲ್ಲ. ಬಿಲ್ಲೆಗಳು ಇರುವುದು ಗಾಡಿಯನ್ನು ಮಟ್ಟ ಮಾಡಲು. ಶಾಕು, ಸ್ಪ್ರಿಂಗು ಕೂರಿಸಿದ ಮೇಲೆ ಬಂಪರಿನ ಮೇಲೆ ರಸಮಟ್ಟ ಇಡುತ್ತಾರೆ: ಮೊಳದುದ್ದದ ಮರದ ಪಟ್ಟಿ, ನಡುವೆ ಗಾಜಿನ ಕೊಳವೆ, ಕೊಳವೆಯೊಳಗೊಂದು ಗಾಳಿಗುಳ್ಳೆ. ಗುಳ್ಳೆ ನಡುವೆ ನಿಂತರೆ ಮಟ್ಟ. ಗುಳ್ಳೆ ಸರಿಯುವುದು ಎತ್ತರದ ಕಡೆಗೆ; ಸರಿದರೆ, ತಗ್ಗಿದ ಇನ್ನೊಂದು ಕಡೆಯ ಸ್ಪ್ರಿಂಗಿನಡಿ ಬಿಲ್ಲೆ. ಆ ರಸಮಟ್ಟ ಅವರ ತಂದೆಯದು. ಗಾರೆ ಕೆಲಸದವರಾಗಿದ್ದ ತಂದೆ ಈ ಗ್ಯಾರೇಜಿನ ನೆಲವನ್ನು ತಾವೇ ಹಾಕಿ, ಉಜ್ಜಿ, ಕೊನೆಗೆ ಅದೇ ರಸಮಟ್ಟ ಇಟ್ಟು ಮಗನಿಗೆ ತೋರಿಸಿದ್ದರು. ಗುಳ್ಳೆ ಅಲ್ಲಾಡಿರಲಿಲ್ಲ.

ವಿಚಿತ್ರವೆಂದರೆ, ಬಂದ ಗಾಡಿಗಳೆಲ್ಲ ಎಡಕ್ಕೇ ತಗ್ಗಿರುತ್ತಿದ್ದವು. ಮೇಸ್ತ್ರಿ ಇದಕ್ಕೊಂದು ಸಿದ್ಧಾಂತ ಕಟ್ಟಿಕೊಂಡಿದ್ದರು. "ಕಂಪನಿ ಯಾವುದಾದರೂ ಇರಲಿ, ಎಡಗಡೆ ಸ್ಪ್ರಿಂಗು ದಗಾಕೋರ." ಬಿಲ್ಲೆ ಹಾಕಿಸಿಕೊಂಡು ಹೋದವರು ಗಾಡಿ ಬಲಕ್ಕೆ ವಾಲುತ್ತಿದೆ ಎಂದು ಮರಳಿ ಬಂದರೆ ಅದಕ್ಕೂ ಉತ್ತರವಿತ್ತು: ಓಡಿಸುವವರು ಬಲಗಡೆ ಕೂರುತ್ತಾರೆ, ಅವರ ತೂಕ. ಹೈಸ್ಕೂಲು ಮೇಷ್ಟ್ರೊಬ್ಬರು ಈ ಮಾತು ನಂಬಿ ಎರಡು ವರ್ಷ ಒಂದು ಹೊತ್ತಿನ ಊಟ ಬಿಟ್ಟಿದ್ದರು. ಮೇಷ್ಟ್ರ ತೂಕ ಇಳಿಯಿತು, ಗಾಡಿಯ ವಾಲು ಇಳಿಯಲಿಲ್ಲ. ನೆಲಕ್ಕೆ ಚೆಲ್ಲಿದ ಎಣ್ಣೆಯೂ ಎಡಗೋಡೆಯತ್ತಲೇ ಹೋಗುತ್ತಿತ್ತು. ಮೇಸ್ತ್ರಿ ಅಲ್ಲೊಂದು ಮರದ ಹೊಟ್ಟಿನ ಡಬ್ಬ ಇಟ್ಟಿದ್ದರು.

ಅನುಮಾನ ಬಂದದ್ದು ಒಬ್ಬನಿಗೆ ಮಾತ್ರ, ಅವರ ಹೆಂಡತಿಯ ತಮ್ಮನಿಗೆ. ಹನ್ನೊಂದು ವರ್ಷ ಭಾವನ ಜೊತೆ ಕೆಲಸ ಮಾಡಿದವನು. ಗಾಡಿಯ ಹಿಂದೆ ಹತ್ತು ಹೆಜ್ಜೆ ದೂರ ನಿಂತು, ಒಂದು ಕಣ್ಣು ಕಿರಿದು ಮಾಡಿ, ಯಾವ ಶಾಕು ಸೋರುತ್ತಿದೆ ಎಂದು ಹೇಳಬಲ್ಲವನಾಗಿದ್ದ. ಏಳು ವರ್ಷದ ಹಿಂದೆ, ಮಟ್ಟ ಮಾಡಿ ಮುಗಿಸಿದ ಜೀಪಿಗೆ ಗಾಳಿ ತುಂಬಿಸಲು ಹೋದವನು ವಾಪಸು ಬಂದು ಹೇಳಿದ: "ಭಾವ, ಹೊರಗೆ ನಿಲ್ಲಿಸಿದ್ರೆ ಬಲಕ್ಕೆ ತಗ್ಗುತ್ತೆ. ನಮ್ಮ ನೆಲಾನೇ ಸರಿ ಇಲ್ವೇನೋ."

ನಾಲ್ಕು ಮಂದಿ ಗಿರಾಕಿಗಳಿದ್ದರು. ಅಪ್ಪ ಹಾಕಿದ ನೆಲ. ಮೇಸ್ತ್ರಿ ತಲೆಯೆತ್ತದೆ ಅಂದರು: "ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ನಿನ್ನ ಕಣ್ಣೇ ಸೊಟ್ಟ ಕಣೋ."

ನಾಲ್ವರೂ ನಕ್ಕರು. ಮಾತು ಬೀದಿಗಿಳಿಯಿತು. ಒಂದು ವಾರದಲ್ಲಿ ಅವನು ಊರಿಗೆಲ್ಲ ಸೊಟ್ಟಗಣ್ಣನಾದ. ಸೊಟ್ಟಗಣ್ಣನ ಕೈಗೆ ಗಾಡಿಯ ಮಟ್ಟ ಕೊಡುವವರು ಯಾರು? ಅದೇ ರಸ್ತೆಯ ಆಚೆ ತುದಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟುಕೊಂಡ. ಅಕ್ಕನ ಮನೆಗೆ ಬರುವುದನ್ನು ಬಿಟ್ಟ.

ಇಂಜಿನಿಯರಮ್ಮನ ಜೀಪಿನಿಂದ ಆ ದಿನ ಇಳಿದದ್ದು ನೂರ ಎಂಬತ್ತು ಕಿಲೋ: ನೀರಿನ ಕ್ಯಾನು, ಡೇರೆ, ಸುತ್ತಿಗೆ, ಕಲ್ಲಿನ ಚೂರುಗಳ ಚೀಲ, ಮೂರು ಕಾಲಿನ ಸ್ಟ್ಯಾಂಡು, ಎತ್ತರ ತಗ್ಗು ನೋಡುವ ದುರ್ಬೀನಿನ ಪೆಟ್ಟಿಗೆ. ಸತ್ತ ಶಾಕಿನ ಮೇಲೆ ಆರು ತಿಂಗಳು ಕುಣಿದ ದುರ್ಬೀನು ನೆಟ್ಟಗಿದೆಯೋ ಇಲ್ಲವೋ ಎಂದು ಅವರಿಗೆ ಚಿಂತೆ.

"ಇಲ್ಲೇ ಪರೀಕ್ಷೆ ಮಾಡಿಬಿಡ್ತೀನಿ ಮೇಸ್ತ್ರಿ. ನಿಮ್ಮ ನೆಲಕ್ಕಿಂತ ಮಟ್ಟವಾದ ಜಾಗ ಈ ಊರಲ್ಲಿ ಇನ್ನೆಲ್ಲಿದೆ?"

ಮೇಸ್ತ್ರಿಯೇ ಅಳತೆಕೋಲು ಹಿಡಿದರು. ಮೊದಲು ಬಲಚಕ್ರದ ಪಕ್ಕ, ಆಮೇಲೆ ಎಡಚಕ್ರದ ಪಕ್ಕ. ಇಂಜಿನಿಯರಮ್ಮ ಎರಡು ಸಲ ನೋಡಿ ದುರ್ಬೀನಿನಿಂದ ಕಣ್ಣು ತೆಗೆದರು.

"ಕೆಟ್ಟೇ ಹೋಗಿದೆ. ಎಡಗಡೆ ಹದಿನೆಂಟು ಮಿಲಿಮೀಟರ್ ತಗ್ಗು ತೋರಿಸ್ತಿದೆ."

"ಮತ್ತೆ? ಆರು ತಿಂಗಳು ಕುಣಿಸಿದ್ರೆ ಅದಾದರೂ ಏನು ಮಾಡುತ್ತೆ? ತಾಳಿ, ನಿಮ್ಮ ಸಮಾಧಾನಕ್ಕೆ ತೋರಿಸ್ತೀನಿ."

ರಸಮಟ್ಟ ತಂದು ನೆಲಕ್ಕಿಟ್ಟರು. ಅಪ್ಪ ಇಟ್ಟು ತೋರಿಸಿದ ದಿನದಿಂದ ಅದು ನೆಲ ಮುಟ್ಟಿದ್ದು ಇದೇ ಮೊದಲು. ಗುಳ್ಳೆ ಬಲಕ್ಕೆ ಓಡಿ ಕೊಳವೆಯ ತುದಿಗೆ ಅಂಟಿಕೊಂಡಿತು.

ಮೇಸ್ತ್ರಿ ಪಟ್ಟಿಯನ್ನು ತಿರುಗಿಸಿ, ಎಡತುದಿ ಬಲಕ್ಕೆ ಬರುವಂತೆ ಇಟ್ಟರು. ಪಟ್ಟಿಯದೇ ತಪ್ಪಾದರೆ ಗುಳ್ಳೆ ಈಗ ಎಡಕ್ಕೆ ಹೋಗಬೇಕು. ಇದೂ ಅಪ್ಪ ಕಲಿಸಿದ್ದೇ. ಗುಳ್ಳೆ ಬಲಕ್ಕೇ ಹೋಯಿತು. ಎರಡು ಅಡಿ ಮುಂದೆ ಇಟ್ಟರು. ಬಲಕ್ಕೆ. ಬಾಗಿಲ ಹತ್ತಿರ ಇಟ್ಟರು. ಬಲಕ್ಕೆ.

"ಮೇಸ್ತ್ರಿ," ಇಂಜಿನಿಯರಮ್ಮ ಮೆಲ್ಲಗೆ ಅಂದರು, "ಹಾಗಾದ್ರೆ ನನ್ನ ದುರ್ಬೀನು ಸರಿ ಇದೆ."

ಮೇಸ್ತ್ರಿ ನೆಲದ ಮೇಲೆಯೇ ಕೂತುಬಿಟ್ಟರು. ಕೂತ ರಭಸಕ್ಕೆ ಎಡಜೇಬಿನಿಂದ ಬಿಲ್ಲೆಯೊಂದು ಹೊರಬಿದ್ದು, ಅಂಚಿನ ಮೇಲೆ ನಿಂತು, ಉರುಳುತ್ತ ಹೋಗಿ ಎಡಗೋಡೆಗೆ ಬಡಿದು ಬಿದ್ದಿತು. ಬಿದ್ದ ಬಿಲ್ಲೆಯನ್ನು ಆ ಗೋಡೆಯ ಬುಡದಿಂದ ಹೆಕ್ಕಿ ತರುವುದು ಎಷ್ಟೋ ವರ್ಷಗಳಿಂದ ಅವರ ನಿತ್ಯದ ಕೆಲಸ. ಗೋಡೆಯಾಚೆ ಚರಂಡಿ, ಚರಂಡಿಯ ಕಡೆ ಮಣ್ಣು ಕೂತು, ಬಿರುಕು ಬಿಡದೆ, ಸದ್ದು ಮಾಡದೆ, ನೆಲ ಒಂದೇ ಹಲಗೆಯ ಹಾಗೆ ಇಳಿದಿತ್ತು. ಅಪ್ಪನ ಕೆಲಸ ತಪ್ಪಿರಲಿಲ್ಲ. ಎಂದಿನಿಂದ ಇಳಿಯಿತೋ ಹೇಳುವವರಿಲ್ಲ. ಏಳು ವರ್ಷವಂತೂ ಆಗಿತ್ತು.

ಮನೆ ಗ್ಯಾರೇಜಿನ ಹಿಂದೆಯೇ. ಊಟಕ್ಕೆ ಕರೆಯಲು ಬಂದ ಹೆಂಡತಿ, ನೆಲದ ಮೇಲೆ ಕೂತ ಗಂಡನನ್ನು ಕಂಡು ಗಾಬರಿಯಾದರು. "ಯಾಕ್ರೀ, ಎದೆ ನೋವಾ?"

"ನಿನ್ನ ತಮ್ಮ ಹೇಳಿದ್ದು ಸರಿ."

"ಯಾವುದು?"

"ನೆಲ."

ಆಕೆ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಬಯ್ಯುತ್ತಾರೆ ಎಂದುಕೊಂಡಿದ್ದರು ಮೇಸ್ತ್ರಿ. ಬಯ್ಯಲಿಲ್ಲ. "ನನಗ್ಯಾಕೆ ಹೇಳ್ತೀರಿ? ಅವತ್ತು ನಾಲ್ಕು ಜನರ ಮುಂದೆ ಅಂದ್ರಲ್ಲ. ಇವತ್ತೂ ನಾಲ್ಕು ಜನರ ಮುಂದೆ ಹೇಳಿ."

ಊಟ ಮಾಡದೆ, ರಸಮಟ್ಟವನ್ನು ಕಂಕುಳಲ್ಲಿಟ್ಟುಕೊಂಡು ಮೇಸ್ತ್ರಿ ರಸ್ತೆಯ ಆಚೆ ತುದಿಗೆ ನಡೆದರು. ಪಂಕ್ಚರ್ ಅಂಗಡಿಯ ಮುಂದೆ ಮೂವರಿದ್ದರು. ನಾಲ್ಕನೆಯವರು ಬರಲಿ ಎಂದು ಕಾಯದೆ, ಏದುಸಿರಿನಲ್ಲೇ ಹೇಳಿದರು: "ನೆಲ ಡೊಂಕು. ಹದಿನೆಂಟು ಮಿಲಿಮೀಟರ್. ನಿನ್ನ ಕಣ್ಣು ಸರಿ ಇತ್ತು ಕಣೋ. ತಪ್ಪು ನಂದು."

ಭಾಮೈದ ಟ್ಯೂಬನ್ನು ನೀರಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದ. ಅವನ ಮುಖದಲ್ಲಿ ಸಂತೋಷವೂ ಕಾಣಲಿಲ್ಲ, ಸಿಟ್ಟೂ ಕಾಣಲಿಲ್ಲ.

"ಬಿಡಿ ಭಾವ, ಯಾಕೀಗ ತಮಾಷೆ? ನನ್ನ ಕಣ್ಣು ಸೊಟ್ಟ ಅಂತ ನನಗೇ ಗೊತ್ತು."

"ಡಾಕ್ಟರ್‌ಗೆ ತೋರಿಸಿದ್ಯಾ?"

"ಎರಡು ಸಲ. ಸರಿ ಇದೆ ಅಂದ್ರು. ಅವರಿಗೇನು ಗೊತ್ತು? ಅವರು ಗಾಡಿ ನೋಡ್ತಾರಾ?"

ಆಗ ಮೇಸ್ತ್ರಿ ಅಂಗಡಿಯನ್ನು ನೋಡಿದರು. ಗೋಡೆಯ ಕ್ಯಾಲೆಂಡರಿನ ಪಕ್ಕ, ಅದು ನೆಟ್ಟಗಿದೆಯೇ ಎಂದು ನೋಡಲು, ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿದ್ದಿತ್ತು. ಟೈರು ಜೋಡಿಸುವ ಹಲಗೆಯ ಪಕ್ಕ ಇನ್ನೊಂದು. ಬಾಗಿಲ ಫಲಕದ ಎರಡೂ ತುದಿಗೆ ಒಂದೊಂದು. ಕಣ್ಣಿನಿಂದ ನೋಡಿ ಮೊಳೆ ಹೊಡೆಯುವುದನ್ನೂ ಅವನು ಬಿಟ್ಟಿದ್ದ. ಮೇಸ್ತ್ರಿ ಗುಂಡುಗಳನ್ನು ತುಟಿಯಲ್ಲೇ ಎಣಿಸಿದರು, ನಾಲ್ಕು. ನೆಲದ ತಪ್ಪಿಗೆ ಇಷ್ಟು ಮಿಲಿಮೀಟರ್ ಎಂಬ ಲೆಕ್ಕವಾದರೂ ಇತ್ತು.

ಮರುದಿನ ಆ ಹೈಸ್ಕೂಲು ಮೇಷ್ಟ್ರ ಜೀಪು ಪಂಕ್ಚರ್ ಅಂಗಡಿಯ ಮುಂದೆ ನಿಂತಿತು. ಇಂಜಿನಿಯರಮ್ಮ ದುರ್ಬೀನು ಹಿಡಿದು ಅಲ್ಲಿ ಮಟ್ಟವಾದ ನಾಲ್ಕು ಮಾರು ಜಾಗ ಹುಡುಕಿ ಸೀಮೆಸುಣ್ಣದ ಗೆರೆ ಎಳೆದುಕೊಟ್ಟಿದ್ದರು. ಭಾಮೈದ ದಾರದ ಗುಂಡು ತಂದ. ಮೇಸ್ತ್ರಿ ಅದನ್ನು ಕಿತ್ತುಕೊಂಡು, ಅವನ ಭುಜ ಹಿಡಿದು ಗಾಡಿಯ ಹಿಂದೆ ಹತ್ತು ಹೆಜ್ಜೆ ನಡೆಸಿ ನಿಲ್ಲಿಸಿದರು. "ಹೇಳು."

ಅವನು ಬಹಳ ಹೊತ್ತು ನೆಲ ನೋಡಿದ. ಆಮೇಲೆ ಕಣ್ಣು ಕಿರಿದು ಮಾಡಿದ. "ಬಲಕ್ಕೆ. ಒಂದು ಬೆರಳು."

ರಸಮಟ್ಟ ಇಟ್ಟರು. ಗುಳ್ಳೆ ಎಡಕ್ಕೆ ಹೋಗಿ ನಿಂತಿತು. ಬಲ ತಗ್ಗು. ಮೇಸ್ತ್ರಿ ಜಾಕು ಕೊಟ್ಟು ಕೆಳಗೆ ನುಗ್ಗಿ, ಎಡದ ಸ್ಪ್ರಿಂಗಿನಡಿಯ ಬಿಲ್ಲೆಯನ್ನು ತಮ್ಮ ಕೈಯಿಂದಲೇ ತೆಗೆದರು. ಗಾಡಿಯಡಿಯಿಂದ ಅವರ ಕಾಲು ಮಾತ್ರ ಕಾಣುತ್ತಿತ್ತು.

"ಹಾಗಾದ್ರೆ ನಾನು ಊಟ ಬಿಟ್ಟಿದ್ದು?" ಎಂದರು ಮೇಷ್ಟ್ರು. ನಕ್ಕವನು ಭಾಮೈದ ಒಬ್ಬನೇ, ಅದೂ ಬಾಯಿಗೆ ಕೈ ಅಡ್ಡ ಹಿಡಿದು.

ಕೆಲಸದಲ್ಲಿ ಕೂದಲೆಳೆಯ ತಪ್ಪನ್ನೂ ಸಹಿಸದ ಇಂಥ ಕಟ್ಟುನಿಟ್ಟಿನ ಜನರಿಂದಲೇ ಊರಿನ ಗಾಡಿಗಳು ಓಡುತ್ತವೆ. ಅವರ ಮಾತನ್ನು ಜನ ಅಳೆದು ನೋಡದೆ ನಂಬುತ್ತಾರೆ, ತಮ್ಮ ಕಣ್ಣನ್ನು ಪಕ್ಕಕ್ಕಿಟ್ಟಾದರೂ ನಂಬುತ್ತಾರೆ. ಅಂಥವರು ಒಂದು ಸಲ ತಪ್ಪಿದರೆ ಅದು ಎಲ್ಲೆಲ್ಲಿ ಹೋಗಿ ಕೂತಿರುತ್ತದೆ ಎಂದು ಅವರಿಗೇ ತಿಳಿಯುವುದಿಲ್ಲ.

ಗ್ಯಾರೇಜಿನ ನೆಲ ಒಡೆಯುವ ಕೆಲಸ ಶುರುವಾಗಿದೆ. ಇಂಜಿನಿಯರಮ್ಮನ ಶಾಕು ಬಂದಿದೆ, ಎತ್ತರಿಸುವುದು ಎರಡೇ ಇಂಚು. ಅವರ ಜೀಪನ್ನು ಸೋಮವಾರ ಎಂಟು ಗಂಟೆಗೆ ಪಂಕ್ಚರ್ ಅಂಗಡಿಯ ಗೆರೆಯ ಮೇಲೆ ನಿಲ್ಲಿಸುತ್ತಾರೆ. ಹಿಂದೆ ನಿಂತು ನೋಡುವವನು ಭಾಮೈದ.