ಸುಂಕಿಯ ತಟ್ಟೆಯ ನೆಲ್ಲಕ್ಕಿ ಗಂಜಿ

ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿ ಹತ್ತಿರ ಒಂದು ಊರು. ಆ ಊರಿನ ಬೊಮ್ಮಪ್ಪನ ಮಗಳು ಸುಂಕಮ್ಮ. ಮನೆಯವರಿಗೆ ಸುಂಕಿ. ವಯಸ್ಸು ಆರು. ಒಂದನೇ ಕ್ಲಾಸಿಗೆ ಸೇರಿ ಎರಡು ತಿಂಗಳಾಗಿತ್ತು. ಒಂದು ಸಂಜೆ ಮೇಷ್ಟ್ರು ಮನೆಗೇ ಬಂದರು.

"ಬೊಮ್ಮಪ್ಪ, ನಿನ್ನ ಮಗಳು ಶ್ಯಾಣ್ಯಾಕಿ ಅದಾಳ. ಆದ್ರ ಹನ್ನೊಂದು ಗಂಟಿ ಆತಂದ್ರ ಪಾಟಿ ಮ್ಯಾಲೆ ತಲಿ ಇಟ್ಟು ಮಲಗಿಬಿಡ್ತಾಳ. ದಿನಾ ಹಿಂಗಾದ್ರ ಹೆಂಗಪ?"

ಸುಂಕಿಯದು ಹುಟ್ಟಿನಿಂದಲೇ ಮೆತ್ತನೆಯ ಮೈ. ಕಂಕುಳಿಗೆ ಕೈ ಕೊಟ್ಟು ಎತ್ತಿದರೆ ಜಾರಿ ಹೋಗುತ್ತಿದ್ದಳು. ಕೂತಿದ್ದು ಒಂದೂವರೆ ವರ್ಷಕ್ಕೆ, ನಡೆದಿದ್ದು ಮೂರಕ್ಕೆ. ದೊಡ್ಡಾಸ್ಪತ್ರೆಯ ಡಾಕ್ಟರು ನೋಡಿ, ಸ್ನಾಯುಗಳಲ್ಲಿ ಬಿಗಿ ಕಡಿಮೆ, ಬುದ್ಧಿ ಚುರುಕಾಗಿದೆ ಎಂದು ಹೇಳಿ, ದಿನಾ ಮಾಡಿಸುವ ವ್ಯಾಯಾಮ ತೋರಿಸಿ ಕಳಿಸಿದ್ದರು. ತಾಯಿ ಎರ್ರಮ್ಮ ಅದನ್ನು ತಪ್ಪದೆ ಮಾಡಿಸುತ್ತಿದ್ದಳು. ಊಟದ ಮಾತು ಮಾತ್ರ ಅಲ್ಲಿ ಬಂದಿರಲಿಲ್ಲ.

"ದೀಪಾವಳಿ ತನ ನೋಡ್ತೀನ್ರಿ," ಎಂದ ಬೊಮ್ಮಪ್ಪ. "ಆಮ್ಯಾಲೂ ಹಿಂಗ ಇದ್ರ ಸಾಲಿ ಬಿಡಿಸ್ತೀನಿ. ಕೂಸು ದಣಿಯೋದು ನನ್ನ ಕೈಲಿ ನೋಡಾಕ ಆಗಂಗಿಲ್ಲ."

ಸುಂಕಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು. ಅವತ್ತಿನಿಂದ ಶಾಲೆಯಿಂದ ಬಂದವಳೇ ಬರೆಯುವ ಪಾಟಿಯನ್ನು ಅಪ್ಪನ ಕೈಗೆ ಸಿಗದಂತೆ ಬೀಸುವ ಕಲ್ಲಿನ ಹಿಂದೆ ಬಚ್ಚಿಡತೊಡಗಿದಳು.

ಆ ವಾರ ನರ್ಸಮ್ಮ ಭರಮಮ್ಮ ಊರಿನ ಕೂಸುಗಳಿಗೆ ಸೂಜಿ ಹಾಕಲು ಬಂದಳು. ಬೊಮ್ಮಪ್ಪನ ಮನೆಗೆ ಬಂದಾಗ ಎಲ್ಲರೂ ಉಣ್ಣುತ್ತಿದ್ದರು. ದೊಡ್ಡವರ ತಟ್ಟೆಯಲ್ಲಿ ಜೋಳದ ರೊಟ್ಟಿ, ಹುರುಳಿ ಪಲ್ಯ, ಶೇಂಗಾ ಚಟ್ನಿ. ಸುಂಕಿಯ ಮುಂದೆ ಒಂದು ಬಟ್ಟಲು ತಿಳಿಗಂಜಿ, ಒಂದು ಲೋಟ ಚಹಾ.

"ನಮಗ ರೊಟ್ಟಿ, ಆಕಿಗೆ ನೆಲ್ಲಕ್ಕಿ," ಎಂದಳು ಅಜ್ಜಿ ಕರಿಯಕ್ಕ, ಹೆಮ್ಮೆಯಿಂದ. "ಸೊಸೈಟಿಯ ರೇಷನ್ ಅಕ್ಕಿ ಒಂದು ಕಾಳು ನಾವು ಮುಟ್ಟಂಗಿಲ್ಲವ್ವ."

ಆ ಸೀಮೆಯಲ್ಲಿ ನೆಲ್ಲಕ್ಕಿ, ಅಂದರೆ ಭತ್ತದ ಅಕ್ಕಿಯ ಅನ್ನವೆಂದರೆ ಹಬ್ಬಕ್ಕೆ, ಬೀಗರು ಬಂದಾಗ. ಉಳಿದ ದಿನ ಜೋಳ, ನವಣೆ. ಹಬ್ಬದ ಅಕ್ಕಿಯನ್ನು ಮೊಮ್ಮಗಳಿಗೆ ದಿನಾ ಬೇಯಿಸುವ ಅಜ್ಜಿಗೆ ಪ್ರೀತಿ ಕಡಿಮೆ ಎಂದು ಯಾರೂ ಹೇಳುವಂತಿರಲಿಲ್ಲ.

"ಗಂಜಿಗೆ ಏನು ಹಾಕ್ತೀರಿ ಕರಿಯಕ್ಕಾ?"

"ಉಪ್ಪು. ಬ್ಯಾಳಿ ಹಾಕಿದ್ರ ಹೊಟ್ಟಿ ನೋಯ್ತೈತಿ. ರೊಟ್ಟಿ ಅಗಿಯಾಕ ಆಕಿಗೆ ತಾಸು ಹಿಡಿತೈತಿ. ಮೆತ್ತನ್ನ ಮೈಗೆ ಮೆತ್ತನ್ನ ಊಟ."

"ಮೆತ್ತಗಿರಲಿ. ನೀರಾಗಬಾರದು," ಎಂದಳು ನರ್ಸಮ್ಮ. "ನಮಗ ಕುಂದ್ರಾಕ, ನಿಂದ್ರಾಕ ಶ್ರಮ ಇಲ್ಲ. ಈ ಕೂಸಿಗೆ ಬೆನ್ನು ನೆಟ್ಟಗ ಮಾಡಿ ಕುಂದ್ರೋದ ಒಂದು ದುಡಿಮಿ. ನಮಗಿಂತ ಜಾಸ್ತಿ ದುಡಿಯಾಕಿ ಆಕಿ. ಬರೇ ಗಂಜಿ ಎಷ್ಟೊತ್ತು ತಡಿತೈತಿ? ಚಾ ಕುಡಿದ್ರ ಇದ್ದ ಹಸಿವೂ ಸಾಯ್ತೈತಿ."

ಕರಿಯಕ್ಕನಿಗೆ ಸಿಟ್ಟು ನೆತ್ತಿಗೇರಿತು. "ಅನ್ನಕ್ಕ ಬಲ ಇಲ್ಲಂತಿಯಾ? ಅಕ್ಕಿ ಉಣ್ಣೋ ಸೀಮಿ ಮಂದಿ ಎಲ್ಲಾ ಮಲಗ್ಯಾರೇನು?"

"ಅವರು ಅನ್ನದ ಜತಿ ಬ್ಯಾಳಿ, ಮೀನು, ಮಜ್ಜಿಗಿ ಉಂತಾರ್ರಿ. ನಿಮ್ಮ ಮೊಮ್ಮಗಳು ಏನು ಉಂತಾಳ?"

"ನಾಳಿ ನಾನ ಆಕಿ ಊಟ ಉಂಡು ಕಳೆ ತೆಗಿಯಾಕ ಹೋಗ್ತೀನಿ. ನನ್ನ ಸಾಲು ಹಿಂದ ಬಿದ್ರ ಆಗ ಮಾತಾಡು!"

ಕರಿಯಕ್ಕ ಹಟಕ್ಕೆ ಬಿದ್ದರೆ ಯಾರ ಮಾತೂ ಕೇಳುವವಳಲ್ಲ. ಮರುದಿನ ಒಂದು ಬಟ್ಟಲು ಗಂಜಿ ಕುಡಿದಳು, ಒಂದು ಲೋಟ ಚಹಾ ಕುಡಿದಳು, ಕಳೆ ಕೀಳುವ ಕುರ್ಚಿಗಿ ಹಿಡಿದು ಶೇಂಗಾ ಹೊಲಕ್ಕೆ ನಡೆದಳು. ಕಳೆ ತೆಗೆಯುವಾಗ ಅವಳ ಸಾಲು ಯಾವಾಗಲೂ ಎಲ್ಲರಿಗಿಂತ ಮುಂದೆ. ಹರೆಯದ ಹೆಂಗಸರಿಗೆ ಅದೊಂದು ತಲೆನೋವು. ಅವತ್ತು ಮೊದಲಿಗೆ ಮುಂದೆಯೇ ಇದ್ದಳು. ಬಿಸಿಲೇರುವ ಹೊತ್ತಿಗೆ ಉಳಿದವರ ಸಮಕ್ಕೆ ಬಂದಳು. ಆಮೇಲೆ ಹಿಂದೆ ಬಿದ್ದಳು. ಕುರ್ಚಿಗಿ ಅಲ್ಲೇ ಬಿಟ್ಟು ಬದುವಿನ ಮೇಲೆ ಹೋಗಿ ಕೂತಳು.

ಸೊಸೆ ಎರ್ರಮ್ಮ ಓಡಿ ಬಂದಳು. "ಯಾಕತ್ತಿ, ಏನಾತು?"

"ಈಗ ಗಂಟಿ ಎಷ್ಟಾಗಿರಬೇಕು?"

"ಹನ್ನೊಂದು ಆಗಿರಬೇಕು."

ಕರಿಯಕ್ಕ ಶಾಲೆಯ ದಿಕ್ಕಿಗೆ ನೋಡಿದಳು. "ಅಲ್ಲಿ ನನ್ನ ಕೂಸು ಈಗ ಪಾಟಿ ಮ್ಯಾಲೆ ತಲಿ ಇಟ್ಟಿರ್ತೈತಿ," ಎಂದಳು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಸಂಜೆ ನರ್ಸಮ್ಮನನ್ನು ತಾನೇ ಹುಡುಕಿಕೊಂಡು ಹೋದಳು. "ಏನು ಉಣಿಸಬೇಕು ಹೇಳವ್ವ. ನಾ ಸೋತೆ ಅಂತ ಮಾತ್ರ ಊರಾಗ ಹೇಳಬ್ಯಾಡ."

"ಪ್ಯಾಟಿಗೆ ಹೋಗೋದು ಏನೂ ಬೇಕಿಲ್ರಿ. ನಿಮ್ಮ ರೊಟ್ಟೀನ ಬಿಸಿ ಬ್ಯಾಳಿಸಾರಿನಾಗ ನೆನಸಿ ಮಿದ್ದು ಕೊಡ್ರಿ. ಅನ್ನಕ್ಕ ಬ್ಯಾಳಿ, ನುಗ್ಗಿ ಸೊಪ್ಪು ಕಲಸ್ರಿ. ಶೇಂಗಾ ಹುರದು ನುಣ್ಣಗ ಪುಡಿ ಮಾಡಿ ಬೆಲ್ಲದ ಜತಿ ಅಂಬಲಿಗೆ ಹಾಕ್ರಿ. ನಿಮ್ಮ ಕೋಳಿ ಇಟ್ಟ ತತ್ತಿ ಸಂತಿಗೆ ಕಳಸಬ್ಯಾಡ್ರಿ, ಆಕಿಗೆ ಕೊಡ್ರಿ. ಅಗಿದು ಅಗಿದು ಸುಸ್ತಾಗ್ತಾಳ, ಅದಕ್ಕ ಸ್ವಲ್ಪ ಸ್ವಲ್ಪ ದಿನಕ್ಕ ಐದು ಸಲ. ನೆಟ್ಟಗ ಕುಂದ್ರಿಸಿ ಉಣಿಸ್ರಿ. ಉಣ್ಣುವಾಗ ಕೆಮ್ಮಿದ್ರ, ಗಂಟಲಿಗೆ ಹತ್ತಿದ್ರ ತಡ ಮಾಡಬ್ಯಾಡ್ರಿ, ಡಾಕ್ಟರಿಗೆ ತೋರಿಸ್ರಿ."

"ಹಿಂಗ ಉಣಿಸಿದ್ರ ಮೈ ಗಟ್ಟಿ ಆಗ್ತೈತಾ?"

"ಸುಳ್ಳು ಹೇಳಂಗಿಲ್ಲ ಕರಿಯಕ್ಕಾ. ಊಟದಿಂದ ಆ ಮೆತ್ತಗಿರೋದು ಹೋಗಂಗಿಲ್ಲ. ದಣಿವು ಕಡಿಮಿ ಆಗ್ತೈತಿ. ವ್ಯಾಯಾಮ ಮಾಡಾಕೂ ತ್ರಾಣ ಬರ್ತೈತಿ."

ಮನೆಯಲ್ಲಿ ಸುಂಕಿಯ ಚಹಾ ನಿಂತಿತು. ಶಾಲೆಯಲ್ಲಿ ಹುಡುಗರನ್ನು ಆಟಕ್ಕೆ ಬಿಟ್ಟಾಗ ಕರಿಯಕ್ಕ ಬಟ್ಟಲು ಹಿಡಿದು ಬಾಗಿಲಲ್ಲಿ ನಿಲ್ಲತೊಡಗಿದಳು. ಮೊದಲ ವಾರ ಏನೂ ಬದಲಾಗಲಿಲ್ಲ. ಎರಡನೇ ವಾರವೂ ಅಷ್ಟೇ.

ದೀಪಾವಳಿಗೆ ಎರಡು ದಿನ ಇರುವಾಗ ಮೇಷ್ಟ್ರು ಮತ್ತೆ ಮನೆಗೆ ಬಂದರು. ಶಾಲೆ ಬಿಡಿಸುವ ಮಾತಿಗೇ ಬಂದರೆಂದುಕೊಂಡು ಬೊಮ್ಮಪ್ಪ ಎದ್ದು ನಿಂತ.

"ನಿನ್ನ ಮಗಳಿಗೆ ಸ್ವಲ್ಪ ಬುದ್ಧಿ ಹೇಳಪ," ಎಂದರು ಮೇಷ್ಟ್ರು. "ಮಧ್ಯಾಹ್ನದ ತನ ಒಂದ ಸಮ ಮಾತಾಡ್ತಾಳ. ಬಾಜೂಕ ಕುಂತ ಹುಡುಗೀರನ್ನೂ ಕೆಡಸ್ತಾಳ."

ಬೊಮ್ಮಪ್ಪ ಮಗಳನ್ನು ಗದರಬೇಕಿತ್ತು. "ಮಧ್ಯಾಹ್ನದ ತನ ಎಚ್ಚರ ಇರ್ತಾಳೇನ್ರಿ?" ಎಂದು ಕೇಳಿದ. ಇನ್ನೊಂದು ಸಲ ಕೇಳಿದ. ಕರಿಯಕ್ಕ ಒಳಗೆ ಹೋಗಿ ಕಣ್ಣೊರೆಸಿಕೊಂಡಳು.

ಸುಂಕಿ ಈಗಲೂ ಓಡಿದರೆ ಎಡವುತ್ತಾಳೆ. ಗೆಳತಿಯರಷ್ಟು ದೂರ ನಡೆಯಲಾರಳು. ಆದರೆ ಅವಳ ಪಾಟಿ ಈಗ ನಡುಮನೆಯಲ್ಲೇ ಬಿದ್ದಿರುತ್ತದೆ. ಬಚ್ಚಿಡುವುದನ್ನು ಅವಳು ಮರೆತಿದ್ದಾಳೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ನಿಮ್ಮ ಮನೆಯಲ್ಲೂ ಮೈ ಮೆತ್ತಗಿರುವ, ಬೇಗ ದಣಿಯುವ ಮಗುವಿದ್ದರೆ ಸೋಮಾರಿ ಎಂದು ಬೈಯಬೇಡಿ. ಡಾಕ್ಟರಿಗೆ ತೋರಿಸಿ. ನರ್ಸಮ್ಮನನ್ನು ಊಟದ ಬಗ್ಗೆ ಕೇಳಿ. ಪ್ರೀತಿಯಿಂದ ಕೊಟ್ಟಿದ್ದೆಲ್ಲ ಮಗುವಿಗೆ ಸಾಕಾಗುತ್ತದೆ ಎಂದುಕೊಳ್ಳಬೇಡಿ. ನಂಬಿಕೆ ಬಾರದಿದ್ದರೆ ಒಂದು ದಿನ ಆ ಮಗುವಿನ ತಟ್ಟೆಯಲ್ಲಿರುವುದನ್ನಷ್ಟೇ ಉಂಡು ಕೆಲಸಕ್ಕೆ ಹೋಗಿ ನೋಡಿ. ಹನ್ನೊಂದು ಗಂಟೆಗೆ ನಿಮಗೇ ಗೊತ್ತಾಗುತ್ತದೆ.