ಎರಡನೇ ಸಲ ಕೇಳುವವರು

ನಮ್ಮ ಮನೆಯವರಿಗೆ ಇಂಗ್ಲಿಷ್ ನುಡಿಗಟ್ಟುಗಳ ಹುಚ್ಚು ಹಿಡಿದದ್ದು ಸೊಂಟ ಹಿಡಿದ ಮೇಲೆ. ಗೋವಾದ ಕಲಂಗುಟ್‌ನ ಒಂದು ಹೋಟೆಲಿನಲ್ಲಿ ಅವರು ಪ್ರವಾಸಿಗರ ಸಾಮಾನು ಹೊರುತ್ತಾರೆ. ಅಲ್ಲಿ ಲಿಫ್ಟ್ ಇಲ್ಲ. ಬರುವವರೋ, ನಾಲ್ಕು ದಿನ ಸಮುದ್ರ ನೋಡುವುದಕ್ಕೆ ಇಡೀ ಮನೆಯನ್ನೇ ಸೂಟ್‌ಕೇಸಿನಲ್ಲಿ ತುಂಬಿಕೊಂಡು ಬರುತ್ತಾರೆ. ಹೀಗೇ ಭಾರ ಎತ್ತುತ್ತಿದ್ದರೆ ಮುಂದೆ ಹಾಸಿಗೆ ಬಿಟ್ಟು ಏಳುವುದೇ ಕಷ್ಟ ಎಂದು ಡಾಕ್ಟರು ಎಚ್ಚರಿಸಿದ್ದರು. ಅದೇ ಹೋಟೆಲಿನ ರಿಸೆಪ್ಷನ್ನಿನಲ್ಲಿ ಕೂತು ಮಾಡುವ ಕೆಲಸವಿತ್ತು. ಆ ಕುರ್ಚಿಗೆ ಇಂಗ್ಲಿಷ್ ಬೇಕಿತ್ತು.

ಸಾದಾ ಇಂಗ್ಲಿಷ್ ಅವರಿಗೆ ಬರುತ್ತಿತ್ತು. ಪ್ರವಾಸಿಗರು ನುಡಿಗಟ್ಟು ಹಾಕಿ ಮಾತಾಡಿದರೆ ಮಾತ್ರ ಕಕ್ಕಾಬಿಕ್ಕಿಯಾಗುತ್ತಿದ್ದರು. ಅದಕ್ಕೆ ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿಯತೊಡಗಿದರು. ಕಲಿತದ್ದನ್ನು ಒಪ್ಪಿಸಲು ನಾನೇ ಸಿಕ್ಕೆ, ರೊಟ್ಟಿ ಬಡಿಯುತ್ತ ಕೂತವಳು.

“ಒನ್ಸ್ ಇನ್ ಎ ಬ್ಲೂ ಮೂನ್ ಅಂದ್ರ ಏನ ಹೇಳು, ನೀಲಾ?”

“ನನಗೇನ ಗೊತ್ರಿ.”

“ಅಪರೂಪಕ್ಕ ಒಮ್ಮೆ ಅಂತ.”

“ಅಂದ್ರ ನೀವು ಸಂತಿಗೆ ಹೋಗಿ ಕಾಯಿಪಲ್ಯ ತರ್ತೀರಲ್ಲ, ಹಂಗ. ಹುಣ್ಣಿವಿಗೊಮ್ಮೆ, ಅಮಾಸಿಗೊಮ್ಮೆ.”

ಅವರು ನಗುತ್ತಿದ್ದರು. ಪೀಸ್ ಆಫ್ ಕೇಕ್ ಎಂದರೆ ನೀರು ಕುಡಿದಷ್ಟು ಸಲೀಸು. ಬ್ರೇಕ್ ದಿ ಐಸ್ ಎಂದರೆ ಹೊಸಬರ ಸಂಕೋಚ ಬಿಡಿಸುವುದು. ಅದಕ್ಕೆ ನಮ್ಮ ಕಡೆ ಒಂದು ಕಪ್ ಚಹಾ ಸಾಕು, ಇಂಗ್ಲಿಷಿನವರಿಗೆ ಬರ್ಫ ಯಾಕೆ ಬೇಕು ಎಂದು ನಾನು ಕಾಡುತ್ತಿದ್ದೆ. ಹೀಗೆ ಒಂದು ಮಳೆಗಾಲ ಕಳೆಯಿತು. ನನಗೂ ಸುಮಾರು ಬಂದವು.

ಹೋಟೆಲಿನ ಮಾಲಕಿ ಲೂರ್ಡ್ಸ್ ಮೇಡಂ ಗೋವಾದವರೇ, ಬೆಳೆದದ್ದು ಇಂಗ್ಲೆಂಡಿನಲ್ಲಿ. ನಮ್ಮ ಮನೆಯವರು ಪ್ರವಾಸಿಗರನ್ನು ಮಾತಾಡಿಸುವ ಚಂದವನ್ನು ಅವರು ಗಮನಿಸಿದ್ದರು. ರಿಸೆಪ್ಷನ್ನಿನ ಹುಡುಗಿ ಕೆಲಸ ಬಿಟ್ಟ ದಿನ ಇವರನ್ನೇ ಕರೆದು, “ಶಂಕರಲಿಂಗ, ಆ ಕೆಲಸ ನೀವು ಮಾಡುತ್ತೀರಾ?” ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಸಂಜೆ ಮನೆಗೆ ಬಂದವರು ಅಂಗಿ ಸಹ ಬಿಚ್ಚದೆ ಗೋಡೆಗೆ ಒರಗಿ ಕೂತರು.

“ನೀವೇನಂದ್ರಿ?” ಎಂದೆ.

“ಬ್ಯಾಡ್ರಿ ಮೇಡಂ, ನನಗಿಂತ ಶ್ಯಾಣ್ಯಾರು ಭಾಳ ಮಂದಿ ಅದಾರ ಅಂದೆ. ಅಲ್ಲಿ ಕುಂತ್ರ ನಾ ಫಿಶ್ ಔಟ್ ಆಫ್ ವಾಟರ್ ಅಂತನೂ ಅಂದೆ. ನೀರಾಗಿಂದ ತಗದ ಮೀನ ಅಂತ.”

“ಆಮ್ಯಾಲ?”

“ಇನ್ನೊಮ್ಮೆ ಕೇಳ್ತಾರಂತ ತಲಿ ಬಗ್ಗಿಸಿ ನಿಂತೆ. ಖರೇ ಹೇಳಿದ್ದು ಚಲೋ ಆತು, ಥ್ಯಾಂಕ್ಯೂ ಅಂದ್ರು. ಮಧ್ಯಾಹ್ನಕ್ಕ, ನಮ್ಮ ಕೂಡ ಕೆಲಸ ಮಾಡೂ ರಾಹುಲನ್ನ ಆ ಕುರ್ಚ್ಯಾಗ ಕೂಡಿಸಿದ್ರು.”

ಬಂದ ಕುರ್ಚಿ ಕೈಬಿಟ್ಟು ಹೋಗಿತ್ತು. ಆದರೆ ಬಯ್ಯಲು ಬಾಯಿ ಬರಲಿಲ್ಲ, ಯಾಕೆಂದರೆ ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ನಮ್ಮಲ್ಲಿ ಕೊಟ್ಟದ್ದನ್ನು ಮೊದಲ ಮಾತಿಗೇ ತೆಗೆದುಕೊಳ್ಳುವವನು ಹಪಾಪಿ, ಆಸೆಬುರುಕ. ಬೇಡ ಎನ್ನಬೇಕು. ಕೊಡುವವರು ಹಟ ಮಾಡಬೇಕು. ಇನ್ನೂ ಬೇಡ ಎನ್ನಬೇಕು. ಆಮೇಲೆ ಅವರ ಮನಸ್ಸು ನೋಯಬಾರದು ಎಂಬಂತೆ ಕೈ ಚಾಚಬೇಕು. ನನ್ನನ್ನು ನೋಡಲು ಬಂದಾಗ ಇವರು ಅವಲಕ್ಕಿಯ ತಾಟನ್ನು ಎಷ್ಟು ಸಲ ಹಿಂದೆ ಸರಿಸಿದ್ದರೆಂದರೆ, ಹುಡುಗ ಮರ್ಯಾದಸ್ಥ ಎಂದು ಅಪ್ಪ ಅಲ್ಲೇ ಒಪ್ಪಿಬಿಟ್ಟಿದ್ದ.

“ನಾಳೆ ಹೋಗಿ, ನನಗ ಆ ಕೆಲಸ ಬೇಕ್ರಿ ಅಂತ ಹೇಳ್ರಿ,” ಎಂದೆ.

ಹೋದರು. ಮೇಡಂ ಪಾಪ ಬಹಳ ಪೇಚಾಡಿಕೊಂಡರಂತೆ. ನಿನ್ನೆಯೇ ಹೇಳಬಾರದಿತ್ತೇ, ರಾಹುಲನಿಗೆ ಮಾತು ಕೊಟ್ಟುಬಿಟ್ಟೆನಲ್ಲ ಎಂದರಂತೆ. ಅವರದು ತಪ್ಪೆಂದು ನಾನು ಹೇಳಲಾರೆ. ಕೇಳಿದರು, ಉತ್ತರ ಬಂತು, ನಂಬಿದರು. ಇವರದೂ ತಪ್ಪಲ್ಲ. ಯಾರ ಮೇಲೂ ಹರಿಹಾಯಲಾಗದ ಸಿಟ್ಟು ಹೊಟ್ಟೆಯೊಳಗೇ ಉಳಿಯಿತು. ಇವರು ಸೊಂಟನೋವಿನ ಬೆಲ್ಟು ಬಿಗಿದುಕೊಂಡು ಮತ್ತೆ ಮೆಟ್ಟಿಲು ಹತ್ತತೊಡಗಿದರು. ಮೊಬೈಲಿನ ಪಾಠ ನಿಂತಿತು.

ಆ ರವಿವಾರ ಕೊರ್ತಾಲಿಮ್‌ನಲ್ಲಿರುವ ನಮ್ಮೂರ ಕೇಶಪ್ಪ ಕಾಕಾನ ಮನೆಗೆ ಊಟಕ್ಕೆ ಹೋದೆವು. ಕಾಕಾನ ಹೆಂಡತಿ ಲಕ್ಷ್ಮವ್ವ ಹೋಳಿಗೆ ಮಾಡಿದ್ದಳು. ನನ್ನ ಮಗಳು ಭಾಗ್ಯಾ ಒಂದನ್ನು ತಿಂದು ಮುಗಿಸಿದ್ದೇ ತಡ, ಲಕ್ಷ್ಮವ್ವ ಇನ್ನೊಂದು ಹಿಡಿದು ಬಂದಳು.

“ಹಾಕ್ಲೇನವಾ?”

“ಸಾಕ್ರಿ ಅಜ್ಜಿ,” ಎಂದು ಭಾಗ್ಯಾ ತಾಟಿಗೆ ಅಂಗೈ ಅಡ್ಡ ಹಿಡಿದಳು. ಕಣ್ಣು ಹೋಳಿಗೆಯ ಮೇಲೇ ಇತ್ತು. ನಾನು ಕಲಿಸಿದಂತೆಯೇ ಮಾಡಿದ್ದಳು.

“ಬೇಕಾದ್ರ ಬೇಕನ್ನು,” ಇವರು ಗದರಿದರು. “ಎರಡನೇ ಸಲ ಯಾರೂ ಕೇಳೂದಿಲ್ಲ.”

ಕೂಸು ಬೆಚ್ಚಿ ಕೈ ತೆಗೆಯಿತು. ಕೇಶಪ್ಪ ಕಾಕಾ ತುತ್ತು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದ. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

“ನಾ ಕೇಳ್ತೇನಲ್ಲೋ ತಮ್ಮಾ,” ಎಂದಳು ಲಕ್ಷ್ಮವ್ವ. “ಹತ್ತ ಸಲ ಕೇಳ್ತೇನಿ.”

ಭಾಗ್ಯಾಳಿಗೆ ಹೋಳಿಗೆ ಹಾಕಿ, ತುಪ್ಪ ಬಿಟ್ಟು, ಆಕೆ ಇವರ ಕಡೆ ತಿರುಗಿದಳು. “ನಿನಗ?”

“ಹಾಕ್ರಿ,” ಎಂದರು, ಆಕೆಯ ಮಾತು ಮುಗಿಯುವ ಮೊದಲೇ.

ಹಟ ಮಾಡಲೆಂದು ಬಾಗಿದ್ದ ಲಕ್ಷ್ಮವ್ವನಿಗೆ ಮುಂದೇನು ಹೇಳಬೇಕೋ ತಿಳಿಯಲಿಲ್ಲ. ಸುಮ್ಮನೆ ಬಡಿಸಿ ಒಳಗೆ ಹೋದಳು.